ಸೋರುವ ಡಿಫರೆನ್ಷಿಯಲ್: ಒಂದು ಸೀಲಿನ ಹಿಂದಿನ ಇತಿಹಾಸ

ಮಲೆನಾಡಿನ ತೋಟಗಳಲ್ಲಿ, ಕೊಡಗಿನ ಗುಡ್ಡದ ದಾರಿಗಳಲ್ಲಿ ಇಂದಿಗೂ ಹಳೆಯ ಜೀಪುಗಳು ಓಡಾಡುವುದನ್ನು ನೀವು ನೋಡಿರಬಹುದು. ಅಂತಹ ಜೀಪೊಂದು ರಾತ್ರಿ ನಿಂತಿದ್ದ ಜಾಗವನ್ನು ಬೆಳಿಗ್ಗೆ ಗಮನಿಸಿ. ಹಿಂದಿನ ಅಚ್ಚಿನ ನಡುಭಾಗದ ಕೆಳಗೆ ನೆಲದ ಮೇಲೆ ರೂಪಾಯಿ ಅಗಲದ ಕಪ್ಪು ಕಲೆ ಇರುತ್ತದೆ. ಬೆರಳಿಗೆ ಹಚ್ಚಿಕೊಂಡು ಮೂಸಿದರೆ ಗಂಧಕದ ಕಟು ವಾಸನೆ. ‘ಹಳೇ ಗಾಡಿ, ಸೋರುವುದು ಸಹಜ’ ಎಂದು ಹೆಚ್ಚಿನವರು ಸುಮ್ಮನಾಗುತ್ತಾರೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಹನಿಯ ಗಾತ್ರ ಸುಮಾರು 0.05 ಮಿಲಿಲೀಟರ್. ಹತ್ತು ನಿಮಿಷಕ್ಕೊಂದು ಹನಿ ಬಿದ್ದರೆ ದಿನಕ್ಕೆ 144 ಹನಿ, ಅಂದರೆ 7.2 ಮಿಲಿಲೀಟರ್. ಜೀಪಿನ ಹಿಂದಿನ ಅಚ್ಚಿನ ಗೋಳದಲ್ಲಿ ಹಿಡಿಯುವ ಎಣ್ಣೆ ಸುಮಾರು 1.2 ಲೀಟರ್. ಹಾಗಾದರೆ ಐದೂವರೆ ತಿಂಗಳಲ್ಲಿ ಗೋಳ ಬರಿದಾಗಬೇಕು! ಅಷ್ಟು ಹೊತ್ತಿಗೆ ಒಳಗಿನ ಹಲ್ಲುಚಕ್ರಗಳು ಸವೆದು, ಕೂಗಿ, ಕೊನೆಗೆ ಘಾಟಿಯ ನಡುವೆ ಕೈಕೊಡುತ್ತವೆ. ಇಷ್ಟೆಲ್ಲ ಅನಾಹುತವನ್ನು ತಡೆದು ನಿಂತಿರುವುದು ಬಳೆಗಿಂತ ಚಿಕ್ಕದಾದ ಒಂದು ರಬ್ಬರ್ ಉಂಗುರ. ಅದಕ್ಕೆ ಆಯಿಲ್ ಸೀಲ್ ಎಂದು ಹೆಸರು. ಆ ಉಂಗುರ ಅಲ್ಲಿಗೆ ಬಂದದ್ದು ಹೇಗೆ, ಅದು ಕಾಯುತ್ತಿರುವ ಯಂತ್ರವಾದರೂ ಯಾವುದು ಎಂಬುದನ್ನು ತಿಳಿಯಲು ಎತ್ತಿನ ಗಾಡಿಯಿಂದ ಆರಂಭಿಸಬೇಕು.

ಒಂದೇ ಅಚ್ಚು, ಎರಡು ದಾರಿ

ಎತ್ತಿನ ಗಾಡಿಯ ಅಚ್ಚು ತಿರುಗುವುದಿಲ್ಲ. ಚಕ್ರಗಳೆರಡೂ ಅದರ ತುದಿಗಳಲ್ಲಿ ತಮ್ಮಷ್ಟಕ್ಕೆ ತಿರುಗುತ್ತವೆ. ಗಾಡಿ ತಿರುವಿನಲ್ಲಿ ಸಾಗುವಾಗ ಹೊರಗಿನ ಚಕ್ರ ಹೆಚ್ಚು ದೂರ, ಒಳಗಿನ ಚಕ್ರ ಕಡಿಮೆ ದೂರ ಕ್ರಮಿಸಿದರೂ ತೊಂದರೆಯಿಲ್ಲ. ಎಳೆಯುವುದು ಎತ್ತು, ಚಕ್ರವಲ್ಲ.

ಚಕ್ರವೇ ಗಾಡಿಯನ್ನು ದೂಡಬೇಕಾದಾಗ ಸಮಸ್ಯೆ ಹುಟ್ಟುತ್ತದೆ. ಎರಡು ಚಕ್ರಗಳನ್ನೂ ಒಂದೇ ದಂಡಕ್ಕೆ ಬಿಗಿದು ಎಂಜಿನ್‌ನಿಂದ ತಿರುಗಿಸಿದರೆ ಎರಡೂ ಒಂದೇ ವೇಗದಲ್ಲಿ ಸುತ್ತಲೇಬೇಕು. ತಿರುವಿನಲ್ಲಿ ಅದು ಸಾಧ್ಯವಿಲ್ಲ. ಎರಡನೇ ಮಹಾಯುದ್ಧ ಕಾಲದ ವಿಲ್ಲಿಸ್ ಜೀಪಿನಲ್ಲಿ ಎಡ ಬಲ ಚಕ್ರಗಳ ನಡುವಣ ಅಂತರ ಸುಮಾರು 1.24 ಮೀಟರ್. ಜೀಪು ಒಂದು ಪೂರ್ಣ ವೃತ್ತ ಸುತ್ತಿದರೆ ಹೊರಗಿನ ಚಕ್ರ ಒಳಗಿನದಕ್ಕಿಂತ 2 × 3.14 × 1.24, ಅಂದರೆ ಸುಮಾರು 7.8 ಮೀಟರ್ ಹೆಚ್ಚು ಸಾಗಬೇಕು. ವೃತ್ತ ಚಿಕ್ಕದಿರಲಿ ದೊಡ್ಡದಿರಲಿ, ಈ ವ್ಯತ್ಯಾಸ ಬದಲಾಗುವುದಿಲ್ಲ. ಆಗುಂಬೆಯಂತಹ ಘಾಟಿಯ ಪೂರ್ತಿ ಹಿಂದಕ್ಕೆ ಮಡಚುವ ಒಂದು ತಿರುವಿನಲ್ಲಿ 3.9 ಮೀಟರ್ ವ್ಯತ್ಯಾಸ. ಚಕ್ರಗಳು ಬಿಗಿಯಾಗಿ ಜೋಡಿಸಿದ್ದರೆ ಇಷ್ಟು ದೂರ ಯಾವುದಾದರೊಂದು ಟೈರು ರಸ್ತೆಯ ಮೇಲೆ ಉಜ್ಜಿಕೊಂಡೇ ಹೋಗಬೇಕು. ಇಲ್ಲವೇ ಅಚ್ಚು ತಿರುಚಿಕೊಳ್ಳಬೇಕು.

ಗಡಿಯಾರದವರ ಕೊಡುಗೆ

ಈ ಸಮಸ್ಯೆಗೆ ಉತ್ತರ ಗಾಡಿ ಕಟ್ಟುವವರಿಂದ ಬರಲಿಲ್ಲ, ಗಡಿಯಾರ ಮಾಡುವವರಿಂದ ಬಂದಿತು. ಸೂರ್ಯನ ನೆರಳು ತೋರಿಸುವ ಕಾಲಕ್ಕೂ ಗಡಿಯಾರದ ಕಾಲಕ್ಕೂ ವರ್ಷದುದ್ದಕ್ಕೂ ಸ್ವಲ್ಪ ಅಂತರವಿರುತ್ತದೆ. ಈ ಅಂತರವನ್ನು ಕೂಡಿಸಿ ಕಳೆದು ತೋರಿಸಲು ಇಂಗ್ಲೆಂಡಿನ ಜೋಸೆಫ್ ವಿಲಿಯಮ್ಸನ್ 1720ರಲ್ಲಿ ಗಡಿಯಾರವೊಂದರಲ್ಲಿ ಡಿಫರೆನ್ಷಿಯಲ್ ಗಿಯರನ್ನು ಬಳಸಿದ. ಎರಡು ಬೇರೆ ಬೇರೆ ಚಲನೆಗಳನ್ನು ಕೂಡಿಸುವ ಹಲ್ಲುಚಕ್ರಗಳ ಜೋಡಣೆ ಅದು.

ಇನ್ನೂ ಹಿಂದಕ್ಕೆ ಹೋದರೆ ಚೀನಾದ ‘ದಕ್ಷಿಣ ತೋರುವ ರಥ’ ಎದುರಾಗುತ್ತದೆ. ಕ್ರಿ.ಶ. 3ನೇ ಶತಮಾನದಲ್ಲಿ ಮಾ ಜುನ್ ಎಂಬ ಯಂತ್ರಶಿಲ್ಪಿ ಇದನ್ನು ಮಾಡಿದನೆಂದು ಚೀನೀ ಗ್ರಂಥಗಳು ಹೇಳುತ್ತವೆ. ರಥ ಎತ್ತ ತಿರುಗಿದರೂ ಮೇಲಿನ ಗೊಂಬೆಯ ಕೈ ದಕ್ಷಿಣವನ್ನೇ ತೋರುತ್ತಿತ್ತು. ಎಡ ಬಲ ಚಕ್ರಗಳ ಸುತ್ತುಗಳ ವ್ಯತ್ಯಾಸವನ್ನು ಡಿಫರೆನ್ಷಿಯಲ್ ಗಿಯರಿನಿಂದ ಅಳೆದರೆ ಇದು ಸಾಧ್ಯ ಎಂದು ಬ್ರಿಟಿಷ್ ಎಂಜಿನಿಯರ್ ಜಾರ್ಜ್ ಲ್ಯಾಂಚೆಸ್ಟರ್ 1947ರಲ್ಲಿ ತೋರಿಸಿದ. ಆದರೆ ಇದು ಆಧುನಿಕರ ಊಹೆ. 1027ರಲ್ಲಿ ಯಾನ್ ಸು ಮಾಡಿದ ರಥದ ಬಗ್ಗೆ ಉಳಿದಿರುವ ವಿವರಣೆಯಲ್ಲಿ, ತಿರುವಿಗೆ ತಕ್ಕಂತೆ ಹಲ್ಲುಚಕ್ರಗಳನ್ನು ಕೂಡಿಸಿ ಬಿಡಿಸುವ ಬೇರೆಯೇ ಏರ್ಪಾಡು ಕಾಣುತ್ತದೆ.

ರಸ್ತೆಯ ವಾಹನಕ್ಕೆಂದೇ ಡಿಫರೆನ್ಷಿಯಲನ್ನು ರೂಪಿಸಿದ ಕೀರ್ತಿ ಫ್ರಾನ್ಸಿನ ಒನೆಸಿಫೋರ್ ಪೆಕರ್‌ಗೆ ಸಲ್ಲುತ್ತದೆ. ಈತನೂ ಗಡಿಯಾರ ಕಸುಬಿನವನೇ. 1827-28ರ ಸುಮಾರಿಗೆ ಆವಿಗಾಡಿಗಾಗಿ ಇದರ ಪೇಟೆಂಟ್ ಪಡೆದ. 1832ರಲ್ಲಿ ಮ್ಯಾಂಚೆಸ್ಟರಿನ ರಿಚರ್ಡ್ ರಾಬರ್ಟ್ಸ್ ಇಂತಹುದೇ ಏರ್ಪಾಡಿಗೆ ಪೇಟೆಂಟ್ ಪಡೆದ. ಆದರೆ ಆವಿಗಾಡಿಗಳು ರಸ್ತೆಯಲ್ಲಿ ನೆಲೆಯೂರಲಿಲ್ಲ. ಡಿಫರೆನ್ಷಿಯಲ್ ಮತ್ತೆ ಅರ್ಧ ಶತಮಾನ ಕಾಯಬೇಕಾಯಿತು.

ಅದನ್ನು ಮತ್ತೆ ಬೆಳಕಿಗೆ ತಂದವನು ಇಂಗ್ಲೆಂಡಿನ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ. ಇಬ್ಬರು ಅಕ್ಕಪಕ್ಕ ಕುಳಿತು ತುಳಿಯುವ ಸೈಕಲನ್ನು ಆತ ಕಟ್ಟಿದ್ದ. ಮಗ ವಿಲಿಯಂ ಜೊತೆ ಅದರಲ್ಲಿ ಹೊರಟಾಗ ಮಗನ ತುಳಿತ ಬಲವಾಗಿ, ತಂದೆಯದು ಮೆತ್ತಗಾಗಿ, ಗಾಡಿ ಪಕ್ಕಕ್ಕೆ ಎಳೆದು ಇಬ್ಬರನ್ನೂ ತುರಿಕೆ ಗಿಡಗಳ ಪೊದೆಗೆ ಕೆಡವಿತಂತೆ. ಇಬ್ಬರ ಬಲವೂ ಎರಡು ಚಕ್ರಗಳಿಗೆ ಸಮನಾಗಿ ಹಂಚಿಹೋಗಬೇಕು, ಆದರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಬೇಕು ಎಂಬ ಯೋಚನೆ ಆತನಿಗೆ ಬಂದದ್ದು ಆಗಲೇ ಎಂದು ಕಥೆ. 1877ರಲ್ಲಿ ಸ್ಟಾರ್ಲಿಯ ಡಿಫರೆನ್ಷಿಯಲ್ ತಯಾರಾಯಿತು. ಎಂಟು ವರ್ಷಗಳ ನಂತರ, 1885ರಲ್ಲಿ, ಕಾರ್ಲ್ ಬೆಂಜ್ ಕಟ್ಟಿದ ಮೂರು ಚಕ್ರದ ಮೋಟಾರು ವಾಹನದಲ್ಲೂ ಅದೇ ತತ್ತ್ವದ ಗಿಯರ್ ಇತ್ತು.

ಪೆನ್ಸಿಲ್ ಮತ್ತು ಎರಡು ಅಳತೆಪಟ್ಟಿ

ಡಿಫರೆನ್ಷಿಯಲ್ ಕೆಲಸ ಮಾಡುವ ಬಗೆಯನ್ನು ತರಗತಿಯಲ್ಲಿ ಸುಲಭವಾಗಿ ತೋರಿಸಬಹುದು. ಮೇಜಿನ ಮೇಲೆ ಒಂದು ಅಳತೆಪಟ್ಟಿ, ಅದರ ಮೇಲೆ ಅಡ್ಡಲಾಗಿ ಒಂದು ದುಂಡು ಪೆನ್ಸಿಲ್, ಪೆನ್ಸಿಲಿನ ಮೇಲೆ ಇನ್ನೊಂದು ಅಳತೆಪಟ್ಟಿ ಇಡಿ. ಕೆಳಗಿನ ಪಟ್ಟಿಯನ್ನು ಹಿಡಿದು ಮೇಲಿನದನ್ನು ಜಾರದಂತೆ 10 ಸೆಂಟಿಮೀಟರ್ ಸರಿಸಿದರೆ ಪೆನ್ಸಿಲ್ 5 ಸೆಂಟಿಮೀಟರ್ ಮಾತ್ರ ಸಾಗುತ್ತದೆ. ಎರಡನ್ನೂ ಒಟ್ಟಿಗೆ 10 ಸೆಂಟಿಮೀಟರ್ ಸರಿಸಿದರೆ ಪೆನ್ಸಿಲ್ ಉರುಳದೆ 10 ಸೆಂಟಿಮೀಟರ್ ಸಾಗುತ್ತದೆ. ಅಂದರೆ ಪೆನ್ಸಿಲಿನ ಚಲನೆ ಯಾವಾಗಲೂ ಎರಡು ಪಟ್ಟಿಗಳ ಚಲನೆಯ ಸರಾಸರಿ.

ಎರಡು ಅಳತೆಪಟ್ಟಿಗಳನ್ನು ಎಡ ಬಲ ಚಕ್ರಗಳ ಗಿಯರ್ ಎಂದೂ, ಪೆನ್ಸಿಲನ್ನು ಅವುಗಳ ನಡುವಿನ ಪುಟ್ಟ ಗಿಯರ್ ಎಂದೂ ತಿಳಿಯಿರಿ. ಈ ಪುಟ್ಟ ಗಿಯರನ್ನು ಹೊತ್ತು ತಿರುಗುವುದು ದೊಡ್ಡ ಕ್ರೌನ್ ಚಕ್ರ. ಕ್ರೌನ್ ಚಕ್ರದ ವೇಗ ಎರಡು ಚಕ್ರಗಳ ವೇಗದ ಸರಾಸರಿ. ನೇರ ರಸ್ತೆಯಲ್ಲಿ ಪುಟ್ಟ ಗಿಯರ್ ಸುಮ್ಮನೆ ಇರುತ್ತದೆ. ತಿರುವಿನಲ್ಲಿ ಮಾತ್ರ ಉರುಳಿ, ಒಳಚಕ್ರ ಕಳೆದುಕೊಂಡಷ್ಟನ್ನು ಹೊರಚಕ್ರಕ್ಕೆ ಕೊಡುತ್ತದೆ.

ಈ ಸಮಾನ ಹಂಚಿಕೆಗೆ ಒಂದು ದೋಷವೂ ಉಂಟು. ಒಂದು ಚಕ್ರ ಕೆಸರಿನಲ್ಲಿ ಹಿಡಿತ ಕಳೆದುಕೊಂಡರೆ ಅದಕ್ಕೆ ಸಿಗುವ ತಿರುಗುಬಲ ತೀರಾ ಕಡಿಮೆ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಅಷ್ಟೇ ಸಿಗುತ್ತದೆ! ಒಂದು ಚಕ್ರ ಗಿರಗಿರನೆ ಸುತ್ತುತ್ತಾ, ಇನ್ನೊಂದು ಅಲ್ಲಾಡದೆ ನಿಂತ ಗಾಡಿಯನ್ನು ಮಳೆಗಾಲದಲ್ಲಿ ಎಲ್ಲರೂ ನೋಡಿದ್ದೇವೆ. ನಾಲ್ಕು ಚಕ್ರಗಳಿಗೂ ಬಲ ಕೊಡುವ ಜೀಪು ಹುಟ್ಟಲು ಇದೂ ಒಂದು ಕಾರಣ.

ಹಲ್ಲಿನ ಆಕಾರ ಬದಲಾಯಿತು, ಎಣ್ಣೆಯೂ ಬದಲಾಗಬೇಕಾಯಿತು

ಆರಂಭದ ಕಾರುಗಳಲ್ಲಿ ಚಕ್ರಗಳಿಗೆ ಬಲ ಹೋಗುತ್ತಿದ್ದುದು ಸರಪಳಿಯ ಮೂಲಕ. 1898ರಲ್ಲಿ ಲೂಯಿ ರೆನೋ ಉದ್ದನೆಯ ದಂಡದ ಮೂಲಕ ಗಿಯರ್ ಪೆಟ್ಟಿಗೆಯಿಂದ ಹಿಂದಿನ ಅಚ್ಚಿಗೆ ಬಲ ಕೊಟ್ಟ. ಇಂದಿನ ಪ್ರೊಪೆಲ್ಲರ್ ಶಾಫ್ಟ್ ಅದರದೇ ಸಂತತಿ. ದಂಡದ ತುದಿಯ ಪುಟ್ಟ ಪಿನಿಯನ್ ಗಿಯರ್ ದೊಡ್ಡ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಯುದ್ಧಕಾಲದ ಜೀಪಿನಲ್ಲಿ ಪಿನಿಯನ್‌ಗೆ 8 ಹಲ್ಲು, ಕ್ರೌನಿಗೆ 39 ಹಲ್ಲು. ಪಿನಿಯನ್ ಸುಮಾರು 4.88 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು.

ಮೊದಲು ಈ ಹಲ್ಲುಗಳು ನೇರವಾಗಿದ್ದವು. ಸದ್ದು ಬಹಳವಾಗಿತ್ತು. 1913ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರಿನಲ್ಲಿ ಸುರುಳಿಯಾಗಿ ಬಾಗಿದ ಹಲ್ಲುಗಳು ಬಂದವು. ಅನಂತರ ರೋಚೆಸ್ಟರ್ ನಗರದ ಗ್ಲೀಸನ್ ಕಾರ್ಖಾನೆಯಲ್ಲಿ ಅರ್ನೆಸ್ಟ್ ವೈಲ್ಡ್‌ಹೇಬರ್ ‘ಹೈಪಾಯ್ಡ್’ ಎಂಬ ಹೊಸ ಬಗೆಯ ಗಿಯರನ್ನು ರೂಪಿಸಿದ. 1926ರಲ್ಲಿ ಪ್ಯಾಕಾರ್ಡ್ ಅದನ್ನು ಬಳಕೆಗೆ ತಂದಿತು. ಇದರಲ್ಲಿ ಪಿನಿಯನ್ ಅಚ್ಚಿನ ಮಧ್ಯರೇಖೆಗಿಂತ ಕೆಳಗಿರುತ್ತದೆ. ಹಾಗಾಗಿ ಪ್ರೊಪೆಲ್ಲರ್ ಶಾಫ್ಟ್ ತಗ್ಗಿ, ಕಾರಿನ ನೆಲವೂ ತಗ್ಗಿತು. ಪಿನಿಯನ್ ದಪ್ಪನಾಗಿ ಗಟ್ಟಿಯೂ ಆಯಿತು.

ಆದರೆ ಇದಕ್ಕೆ ಬೆಲೆ ತೆರಬೇಕಾಯಿತು. ಸಾಮಾನ್ಯ ಗಿಯರಿನಲ್ಲಿ ಹಲ್ಲುಗಳು ಬಹುಮಟ್ಟಿಗೆ ಒಂದರ ಮೇಲೊಂದು ಉರುಳುತ್ತವೆ. ಹೈಪಾಯ್ಡ್‌ನಲ್ಲಿ ಉದ್ದಕ್ಕೂ ಜಾರುತ್ತವೆ. ಭಾರೀ ಒತ್ತಡದಲ್ಲಿ ಜಾರುವ ಲೋಹಗಳ ನಡುವೆ ಮಾಮೂಲಿ ಎಣ್ಣೆಯ ಪದರ ನಿಲ್ಲದು. ಹಲ್ಲುಗಳು ಬಿಸಿಯಾಗಿ ಬೆಸೆದುಕೊಂಡು ಕಿತ್ತುಬರುತ್ತವೆ. ಉಪಾಯ ರಸಾಯನ ವಿಜ್ಞಾನದಿಂದ ಬಂದಿತು. ಎಣ್ಣೆಗೆ ಗಂಧಕ, ರಂಜಕಗಳ ಸಂಯುಕ್ತಗಳನ್ನು ಬೆರೆಸಿದರೆ, ಹಲ್ಲುಗಳು ಕಾಯ್ದ ಕಡೆಯಲ್ಲೇ ಅವು ಕಬ್ಬಿಣದೊಡನೆ ವರ್ತಿಸಿ ತೆಳುವಾದ ರಕ್ಷಾಪದರವನ್ನು ಕಟ್ಟುತ್ತವೆ. ಈ ಪದರ ಸವೆಯುತ್ತದೆ, ಹೊಸದು ಕಟ್ಟುತ್ತದೆ. ಆರಂಭದಲ್ಲಿ ನಾವು ಮೂಸಿದ ವಾಸನೆ ಇದರದೇ.

ಈ ಇತಿಹಾಸದಲ್ಲಿ ತಿಮಿಂಗಿಲಕ್ಕೂ ಪಾಲಿದೆ. ಗಂಧಕ ಬೆರೆಸಿದ ಸ್ಪರ್ಮ್ ತಿಮಿಂಗಿಲದ ಎಣ್ಣೆ ದಶಕಗಳ ಕಾಲ ಗಿಯರ್ ಎಣ್ಣೆಗಳಲ್ಲಿ ಸೇರುತ್ತಿತ್ತು. 1970ರ ದಶಕದ ಆರಂಭದಲ್ಲಿ ಅಮೆರಿಕ ತಿಮಿಂಗಿಲ ಉತ್ಪನ್ನಗಳನ್ನು ನಿಷೇಧಿಸಿತು. ಆಗ ರಸಾಯನ ತಜ್ಞರು ಬದಲಿ ಹುಡುಕಬೇಕಾಯಿತು. ಮರುಭೂಮಿಯ ಹೊಹೊಬಾ ಗಿಡದ ಬೀಜದೆಣ್ಣೆಯೂ ಅಂತಹ ಬದಲಿಗಳಲ್ಲಿ ಒಂದು.

ತೊಗಲಿನಿಂದ ರಬ್ಬರಿಗೆ

ಎಣ್ಣೆ ಒಳಗೆ ಉಳಿದರೆ ತಾನೆ ಪ್ರಯೋಜನ? ಗಾಡಿಯವರು ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆ ಇಟ್ಟುಕೊಂಡು, ಅಚ್ಚು ಕಿರುಗುಟ್ಟಿದಾಗ ಹಚ್ಚುತ್ತಿದ್ದರು. ಹಚ್ಚಿದ್ದು ಹರಿದುಹೋಗುತ್ತಿತ್ತು, ಮತ್ತೆ ಹಚ್ಚುತ್ತಿದ್ದರು. ನಿಮಿಷಕ್ಕೆ ಸಾವಿರಾರು ಸಲ ಸುತ್ತುವ ದಂಡಕ್ಕೆ ಈ ಉಪಾಯ ಸಾಲದು. ಮೊದಲ ಕಾರುಗಳಲ್ಲಿ ದಂಡದ ಸುತ್ತ ಉಣ್ಣೆಯ ನಮದೆ, ಎಣ್ಣೆಯಲ್ಲಿ ನೆನೆಸಿದ ಹಗ್ಗ ಅಥವಾ ತೊಗಲನ್ನು ಬಿಗಿಯುತ್ತಿದ್ದರು. ತೊಗಲು ಎಣ್ಣೆ ಹೀರಿ ನುಣುಪಾಗುತ್ತಿತ್ತು, ಆದರೆ ಬಿಸಿ ತಾಗಿದರೆ ಒಣಗಿ ಸೀಳುತ್ತಿತ್ತು.

ಜರ್ಮನಿಯ ವೈನ್‌ಹೈಮ್‌ನಲ್ಲಿ 1849ರಿಂದ ಫ್ರಾಯ್ಡನ್‌ಬರ್ಗ್ ಎಂಬ ಚರ್ಮ ಹದಮಾಡುವ ಸಂಸ್ಥೆ ಇತ್ತು. 1929ರ ಆರ್ಥಿಕ ಕುಸಿತದಲ್ಲಿ ಚರ್ಮದ ವ್ಯಾಪಾರ ನೆಲಕಚ್ಚಿದಾಗ ಅದು ತೊಗಲಿನ ಸೀಲುಗಳತ್ತ ತಿರುಗಿತು. ಅಲ್ಲಿನ ಎಂಜಿನಿಯರ್ ವಾಲ್ಟರ್ ಸಿಮ್ಮರ್ 1930ರ ದಶಕದಲ್ಲಿ ಲೋಹದ ಕವಚದೊಳಗೆ ತೊಗಲಿನ ಉಂಗುರ ಕೂರಿಸಿದ ಸೀಲನ್ನು ರೂಪಿಸಿದ. ಕೆಲವೇ ವರ್ಷಗಳಲ್ಲಿ ತೊಗಲಿನ ಜಾಗಕ್ಕೆ ಕೃತಕ ರಬ್ಬರು ಬಂದಿತು. ಜರ್ಮನಿಯಲ್ಲಿ ಇಂದಿಗೂ ಆಯಿಲ್ ಸೀಲಿಗೆ ‘ಸಿಮ್ಮರ್‌ರಿಂಗ್’ ಎನ್ನುವವರಿದ್ದಾರೆ.

ಕೃತಕ ರಬ್ಬರೇ ಏಕೆ? ಮರದಿಂದ ಬರುವ ರಬ್ಬರೂ ಖನಿಜ ತೈಲವೂ ಹೈಡ್ರೊಕಾರ್ಬನ್‌ಗಳು. ಒಂದರೊಳಗೊಂದು ಸುಲಭವಾಗಿ ಸೇರುತ್ತವೆ. ನೈಸರ್ಗಿಕ ರಬ್ಬರಿನ ಬ್ಯಾಂಡೊಂದನ್ನು ಒಂದು ದಿನ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟರೆ ಅದು ಉಬ್ಬಿ ಮೆತ್ತಗಾಗುವುದನ್ನು ನೀವೇ ನೋಡಬಹುದು. 1930ರ ದಶಕದಲ್ಲಿ ಜರ್ಮನಿಯಲ್ಲಿ ಸಿದ್ಧವಾದ ನೈಟ್ರೈಲ್ ರಬ್ಬರಿನ ಅಣುಸರಪಳಿಯಲ್ಲಿ ಧ್ರುವೀಯ ನೈಟ್ರೈಲ್ ಗುಂಪುಗಳಿವೆ. ಅವು ಎಣ್ಣೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇನ್ನೂ ಹೆಚ್ಚಿನ ತಾಪ ತಾಳುವ, ವಿಟಾನ್ ಎಂಬ ಫ್ಲೋರಿನ್ ಯುಕ್ತ ರಬ್ಬರನ್ನು ಡ್ಯುಪಾಂಟ್ ಸಂಸ್ಥೆ 1957ರಲ್ಲಿ ಮಾರುಕಟ್ಟೆಗೆ ತಂದಿತು.

ಸೀಲಿನ ಅಂಚು ತುಟಿಯಂತಿದೆ. ಬೆನ್ನ ಹಿಂದೆ ಸಣ್ಣ ಸುರುಳಿ ಸ್ಪ್ರಿಂಗು ಅದನ್ನು ದಂಡಕ್ಕೆ ಒತ್ತುತ್ತದೆ. ತುಟಿ ದಂಡವನ್ನು ಬಿಗಿಯಾಗಿ ಒತ್ತಿ ಎಣ್ಣೆಯನ್ನು ತಡೆಯುತ್ತದೆ ಎಂದು ಬಹುಕಾಲ ಭಾವಿಸಿದ್ದರು. 1957ರಲ್ಲಿ ಇ. ಟಿ. ಜ್ಯಾಗರ್ ಬೇರೆ ಸಂಗತಿಯನ್ನು ತೋರಿಸಿದ. ದಂಡ ತಿರುಗುವಾಗ ತುಟಿಯ ಕೆಳಗೆ ಎಣ್ಣೆಯ ಅತಿ ತೆಳು ಪದರ ಇದ್ದೇ ಇರುತ್ತದೆ. ತುಟಿ ಅದರ ಮೇಲೆ ತೇಲುತ್ತದೆ. ಹಾಗಾದರೆ ಎಣ್ಣೆ ಹೊರಗೆ ಬರುವುದಿಲ್ಲವೇಕೆ? ತುಟಿಯ ಎಣ್ಣೆ ಕಡೆಯ ಇಳಿಜಾರು ಕಡಿದು, ಗಾಳಿ ಕಡೆಯದು ಮಂದ. ಈ ಅಸಮತೆ ಮತ್ತು ರಬ್ಬರಿನ ಮೇಲ್ಮೈಯ ಸೂಕ್ಷ್ಮ ಉಬ್ಬುತಗ್ಗುಗಳಿಂದಾಗಿ, ಹೊರಕ್ಕೆ ನುಸುಳಿದ ಎಣ್ಣೆಯನ್ನು ತಿರುಗುವ ದಂಡವೇ ಒಳಕ್ಕೆ ಪಂಪು ಮಾಡುತ್ತದೆ ಎಂದು ನಂತರದ ಸಂಶೋಧನೆಗಳಿಂದ ತಿಳಿಯಿತು. ಸೀಲನ್ನು ಹಿಂದುಮುಂದಾಗಿ ಕೂರಿಸಿದರೆ ಇದೇ ಪಂಪು ಎಣ್ಣೆಯನ್ನು ಹೊರಕ್ಕೆ ತಳ್ಳುತ್ತದೆ!

ಜೀಪು ಬಂತು

1941ರಿಂದ 1945ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಸಂಸ್ಥೆಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಹಿಂದೆ ಮುಂದೆ ಎರಡು ಅಚ್ಚು, ಎರಡು ಡಿಫರೆನ್ಷಿಯಲ್. ಇಂದು ಎಸ್‌ಯುವಿ ಎನ್ನುವ ವಾಹನಗಳ ಪೂರ್ವಜ ಇದು. 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆ ಇದರ ಜೋಡಣೆಯನ್ನು ಆರಂಭಿಸಿತು. ಡಾಂಬರು ಕಾಣದ ಮಲೆನಾಡಿನ ದಾರಿಗಳಿಗೆ, ಸರ್ಕಾರಿ ಇಲಾಖೆಗಳಿಗೆ ಜೀಪು ದಶಕಗಳ ಕಾಲ ಆಧಾರವಾಯಿತು. ಅವು ಹಳೆಯದಾದಂತೆ ಸೀಲುಗಳ ಕಥೆಯೂ ಮುಂದುವರಿಯಿತು.

ಸೀಲಿನ ಕಷ್ಟವನ್ನು ಅಳೆಯೋಣ. ಜೀಪಿನ ಚಕ್ರದ ತ್ರಿಜ್ಯ ಸುಮಾರು 0.36 ಮೀಟರ್. ಒಂದು ಕಿಲೋಮೀಟರಿಗೆ ಅದು 442 ಸುತ್ತು, ಪಿನಿಯನ್ 2150ಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಸೀಲ್ ಕೂರುವ ಜಾಗದಲ್ಲಿ ವ್ಯಾಸ 40 ಮಿಲಿಮೀಟರ್ ಎಂದುಕೊಂಡರೆ, ಪ್ರತಿ ಕಿಲೋಮೀಟರಿಗೆ ತುಟಿಯ ಕೆಳಗೆ ಸುಮಾರು 270 ಮೀಟರ್ ಉಕ್ಕು ಜಾರಿಹೋಗುತ್ತದೆ. ಒಂದು ಲಕ್ಷ ಕಿಲೋಮೀಟರಿಗೆ 27,000 ಕಿಲೋಮೀಟರ್. ಇದು ಭೂಮಿಯ ಪರಿಧಿಯ ಮೂರನೇ ಎರಡು ಭಾಗ!

ಸೋರಿಕೆಯ ಮೂಲ ಹುಡುಕಿ

ಸೀಲ್ ಸೋರಿದರೆ ಹೊಸ ಸೀಲ್ ಹಾಕುವುದಷ್ಟೇ ಪರಿಹಾರವಲ್ಲ. ಮೂಲ ಕಾರಣ ಉಳಿದರೆ ಹೊಸದೂ ತಿಂಗಳೊಳಗೆ ಸೋರುತ್ತದೆ.

ಮೊದಲು ನೋಡಬೇಕಾದದ್ದು ಅಚ್ಚಿನ ಮೇಲಿರುವ ಉಸಿರುಗಂಡಿ, ಗ್ಯಾರೇಜಿನ ಮಾತಿನಲ್ಲಿ ಬ್ರೀದರ್. ಕೆಸರು ಮೆತ್ತಿ ಅದು ಮುಚ್ಚಿದೆ ಎನ್ನಿ. 30 ಡಿಗ್ರಿ ಸೆಲ್ಸಿಯಸ್ ಇದ್ದ ಒಳಗಾಳಿ ಓಟದಲ್ಲಿ 90 ಡಿಗ್ರಿಗೆ ಏರಿದರೆ, ನಿರಪೇಕ್ಷ ಮಾನದಲ್ಲಿ 303ರಿಂದ 363. ಗಾತ್ರ ಬದಲಾಗದಿರುವಾಗ ಒತ್ತಡ ಶೇಕಡ 20ರಷ್ಟು ಹೆಚ್ಚುತ್ತದೆ. ಆ ಒತ್ತಡ ಎಣ್ಣೆಯನ್ನು ತುಟಿಯ ಕೆಳಗಿಂದ ಹೊರಕ್ಕೆ ನೂಕುತ್ತದೆ. ಕಾಯ್ದ ಅಚ್ಚು ತಕ್ಷಣ ಹಳ್ಳದ ನೀರಿಗಿಳಿದರೆ ಇದರ ಹಿಮ್ಮುಖ ಕ್ರಿಯೆ. ಗಾಳಿ ತಣಿದು ಕುಗ್ಗುತ್ತದೆ, ಸೀಲಿನ ಮೂಲಕ ನೀರು ಒಳಗೆ ಬರುತ್ತದೆ. ಎಣ್ಣೆ ಹಾಲು ಬೆರೆತ ಕಾಫಿಯಂತೆ ಕಂಡರೆ ನೀರು ಸೇರಿದೆ ಎಂದೇ ಅರ್ಥ. ಅದನ್ನು ಪೂರ್ತಿ ಬದಲಿಸಬೇಕು.

ಎರಡನೆಯದು ಬೇರಿಂಗ್. ಪಿನಿಯನ್ ದಂಡ ಅಲುಗಾಡುತ್ತಿದ್ದರೆ ಯಾವ ತುಟಿಯೂ ಹಿಡಿಯದು. ಮೂರನೆಯದು ದಂಡದ ಫ್ಲಾಂಜಿನ ಮೇಲೆ ಹಳೆಯ ತುಟಿ ಕೊರೆದ ಗೆರೆ. ಉಕ್ಕನ್ನು ರಬ್ಬರು ಕೊರೆಯುವುದೆಂದರೆ ಆಶ್ಚರ್ಯ ಎನಿಸಬಹುದು. ವಾಸ್ತವವಾಗಿ ರಬ್ಬರಿಗೆ ಅಂಟಿದ ಧೂಳು ಮರಳು ಕಾಗದದಂತೆ ಕೆಲಸ ಮಾಡುತ್ತದೆ. ಉಗುರಿಗೆ ಗೆರೆ ತಾಗುವಂತಿದ್ದರೆ ಫ್ಲಾಂಜ್ ಬದಲಿಸಬೇಕು, ಇಲ್ಲವೇ ಅದರ ಮೇಲೆ ತೆಳುವಾದ ಉಕ್ಕಿನ ತೋಳು ತೊಡಿಸಬೇಕು.

ಇವುಗಳ ನಂತರ ಸೀಲಿನ ಸರದಿ. ಜೀಪನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡೆ ಕೊಟ್ಟು, ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರಿಯ ಜಾಕ್ ನಂಬಿ ಕೆಳಗೆ ನುಸುಳಬಾರದು. ಎಣ್ಣೆ ಇಳಿಸುವ ಮೊದಲು ತುಂಬುವ ಬಿರಡೆಯನ್ನು ಬಿಚ್ಚಿ ನೋಡಬೇಕು. ಅದು ತುಕ್ಕು ಹಿಡಿದು ಬರದಿದ್ದರೆ ಎಣ್ಣೆ ಇಳಿಸಿದ ಜೀಪು ಅಲ್ಲೇ ಉಳಿಯುತ್ತದೆ! ಪ್ರೊಪೆಲ್ಲರ್ ಶಾಫ್ಟನ್ನು ಕಳಚುವ ಮೊದಲು ಎರಡೂ ಭಾಗಗಳಿಗೆ ಗುರುತು ಹಾಕಬೇಕು. ಹಾಗೆಯೇ ಮತ್ತೆ ಜೋಡಿಸದಿದ್ದರೆ ತೂಕ ತಪ್ಪಿ ನಡುಕ ಬರಬಹುದು.

ಪಿನಿಯನ್ ನಟ್ಟು ಬಿಚ್ಚುವಲ್ಲಿ ವಿಶೇಷ ಎಚ್ಚರ ಬೇಕು. ಆ ನಟ್ಟು ಫ್ಲಾಂಜನ್ನು ಹಿಡಿಯುವುದರ ಜೊತೆಗೆ ಬೇರಿಂಗುಗಳ ಮೇಲಿನ ಬಿಗಿತಕ್ಕೂ ಸಂಬಂಧಿಸಿದೆ. ಹಳೆಯ ಜೀಪಿನ ಅಚ್ಚುಗಳಲ್ಲಿ ಈ ಬಿಗಿತವನ್ನು ತೆಳು ಲೋಹದ ಷಿಮ್ಮುಗಳು ನಿರ್ಧರಿಸುತ್ತವೆ. ಅಲ್ಲಿ ಕೈಪಿಡಿ ಹೇಳಿದಷ್ಟು ಬಿಗಿದರೆ ಸಾಕು. ಬೇರೆ ಹಲವು ವಾಹನಗಳಲ್ಲಿ ಅದುಮಿಕೊಳ್ಳುವ ಉಕ್ಕಿನ ಕೊಳವೆಯಿರುತ್ತದೆ. ಅದು ಒಮ್ಮೆ ಹೆಚ್ಚು ಅದುಮಿದರೆ ಹಿಂದಕ್ಕೆ ಬರುವುದಿಲ್ಲ. ಬೇರಿಂಗು ಅತಿ ಬಿಗಿಯಾಗಿ ಸುಟ್ಟುಹೋಗುತ್ತದೆ. ಆದ್ದರಿಂದ ಬಿಚ್ಚುವ ಮೊದಲೇ ಪಿನಿಯನ್ ತಿರುಗಿಸಲು ಬೇಕಾದ ಬಲವನ್ನು ಅಳೆದು ಬರೆದಿಟ್ಟುಕೊಳ್ಳುತ್ತಾರೆ.

ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ, ಸ್ಪ್ರಿಂಗಿರುವ ಬದಿ ಒಳಮುಖವಾಗಿ, ಓರೆಯಾಗದಂತೆ ಸಮನಾಗಿ ತಟ್ಟಿ ಕೂರಿಸಬೇಕು. ಒಣಗಿದ ತುಟಿ ಮೊದಲ ಕೆಲವು ಸುತ್ತುಗಳಲ್ಲೇ ಸುಡುತ್ತದೆ. ಕೊನೆಗೆ ತುಂಬುವ ತೂತಿನ ಕೆಳ ಅಂಚಿನವರೆಗೆ ಎಣ್ಣೆ. ಹೈಪಾಯ್ಡ್ ಅಚ್ಚಿಗೆ ಜಿಎಲ್-5 ವರ್ಗದ ಎಣ್ಣೆ ಒಳ್ಳೆಯದು. ಅದನ್ನೇ ಹಳೆಯ ಗಿಯರ್ ಪೆಟ್ಟಿಗೆಗೆ ಹಾಕಬಾರದು. ಅಲ್ಲಿನ ಕಂಚಿನ ಭಾಗಗಳನ್ನು ಗಂಧಕ ಕೊರೆಯಬಹುದು.

ಪಿನಿಯನ್ ಸೀಲಿಗಿಂತ ಅಪಾಯಕಾರಿಯಾದದ್ದು ಅಚ್ಚಿನ ತುದಿಯ ಸೀಲು. ಅಲ್ಲಿ ಸೋರಿದ ಎಣ್ಣೆ ನೆಲಕ್ಕೆ ಬೀಳದೆ ಬ್ರೇಕ್ ಡ್ರಮ್ಮಿನೊಳಗೆ ಇಳಿದು ಲೈನರಿಗೆ ಮೆತ್ತಿಕೊಳ್ಳುತ್ತದೆ. ಘಾಟಿ ಇಳಿಯುವಾಗ ಒಂದು ಬದಿಯ ಬ್ರೇಕು ಹಿಡಿಯುತ್ತದೆ, ಇನ್ನೊಂದು ಜಾರುತ್ತದೆ. ಬ್ರೇಕ್ ಒತ್ತಿದಾಗ ಜೀಪು ಪಕ್ಕಕ್ಕೆ ಎಳೆದರೆ, ಚಕ್ರದ ಒಳಬದಿಯಲ್ಲಿ ಎಣ್ಣೆಯ ಜಿಡ್ಡು ಕಂಡರೆ, ಅಂದೇ ರಿಪೇರಿಗೆ ಒಯ್ಯಬೇಕು. ಎಣ್ಣೆ ಕುಡಿದ ಲೈನರನ್ನು ತೊಳೆದು ಮತ್ತೆ ಬಳಸಬಾರದು.

ಏರುದಾರಿಯಲ್ಲಿ ಇನ್ನೊಂದು ಸಂಗತಿ. ಹಿಂದಿನ ಅಚ್ಚಿನ ಪಿನಿಯನ್ ಮುಂದಕ್ಕೆ ಚಾಚಿದೆ. ಜೀಪು ಮೂತಿ ಎತ್ತಿ ಏರುವಾಗ ಎಣ್ಣೆ ಹಿಂದಕ್ಕೆ ಹರಿಯುತ್ತದೆ. ಎಣ್ಣೆ ಕಡಿಮೆಯಿದ್ದರೆ ಮೊದಲು ಒಣಗುವುದು ಪಿನಿಯನ್ ಬೇರಿಂಗು, ಅದೂ ಎಂಜಿನ್ ಅತಿ ಹೆಚ್ಚು ಬಲ ಹಾಕುತ್ತಿರುವ ಹೊತ್ತಿನಲ್ಲಿ. ಐದು ತಿಂಗಳ ಹನಿ ಹನಿ ಸೋರಿಕೆಯ ಲೆಕ್ಕ ಒಂದು ಏರಿನಲ್ಲಿ ಚುಕ್ತಾ ಆಗುತ್ತದೆ.

ಇಳಿಸಿದ ಹಳೆಯ ಎಣ್ಣೆಯನ್ನು ಮೋರಿಗೆ, ತೋಟದ ಅಂಚಿಗೆ ಚೆಲ್ಲಬಾರದು. ಡಬ್ಬಿಯಲ್ಲಿ ಹಿಡಿದು, ಬಳಸಿದ ಎಣ್ಣೆ ಸಂಗ್ರಹಿಸುವವರಿಗೆ ಕೊಡಬೇಕು. ಮಲೆನಾಡಿನಲ್ಲಿ ಚೆಲ್ಲಿದ್ದು ಮೊದಲ ಮಳೆಗೆ ಹಳ್ಳ ಸೇರುತ್ತದೆ.

ಶಿಕ್ಷಕರು ವಿದ್ಯಾರ್ಥಿಗಳನ್ನು ಒಮ್ಮೆ ಹತ್ತಿರದ ಗ್ಯಾರೇಜಿಗೆ ಕರೆದೊಯ್ಯಬಹುದು. ಹಿಂದಿನ ಚಕ್ರಗಳೆರಡನ್ನೂ ಸ್ಟ್ಯಾಂಡಿನ ಮೇಲೆ ಎತ್ತಿದ ವಾಹನದಲ್ಲಿ, ಗಿಯರಿನಲ್ಲಿಟ್ಟು ಒಂದು ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿದರೆ ಇನ್ನೊಂದು ಹಿಂದಕ್ಕೆ ತಿರುಗುತ್ತದೆ. ಸರಾಸರಿ ಸೊನ್ನೆ. ಪೆನ್ಸಿಲ್ ಮತ್ತು ಅಳತೆಪಟ್ಟಿಯ ಪಾಠ ಉಕ್ಕಿನಲ್ಲಿ ಕಾಣುತ್ತದೆ. ಅಲ್ಲಿಯೇ ಹಳೆಯ ಸೀಲೊಂದನ್ನು ಕೇಳಿ ಪಡೆದು, ಅದರ ತುಟಿಯನ್ನು ಭೂತಗನ್ನಡಿಯಲ್ಲಿ ನೋಡಿ. ಸವೆದು ಹೊಳೆಯುವ ತೆಳು ಪಟ್ಟಿಯೊಂದು ಕಾಣುತ್ತದೆ. ಸಾವಿರಾರು ಕಿಲೋಮೀಟರ್ ಉಕ್ಕು ಹಾದುಹೋದ ದಾರಿ ಅದು.